ಕೋಟೆಯ ಮೂರನೆಯ ಭಾಗ

ಕಂಪ್ಯೂಟರ್ ಪತ್ರಿಕೆಯೊಂದರ ರಟ್ಟಿಗೆ ಅಂಟಿಸಿದ್ದ ಸೀಡಿ ಮೊನ್ನೆ ನನ್ನ ಕೈಗೆ ಬಂತು. ಶಾಂಪೂ ಜೊತೆ ಬಾಚಣಿಗೆ ಕೊಡುತ್ತಾರಲ್ಲ, ಹಾಗೆ ಪತ್ರಿಕೆ ಜೊತೆ ಸೀಡಿ. ಅದರ ಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ ಹತ್ತು ಹದಿನೈದು ಹೆಸರುಗಳು. ವೈರಸ್ ಓಡಿಸುವ ಪ್ರೋಗ್ರಾಮಿಗೂ ಜಾತಕ ಬರೆಯುವ ಪ್ರೋಗ್ರಾಮಿಗೂ ನಡುವೆ ನಮ್ಮ ಆಟದ ಹೆಸರಿತ್ತು. ನಾಲ್ಕನೆಯ ಭಾಗ. ಪೂರ್ತಿ ಆಟ. ಬಿಟ್ಟಿ.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಒಂದು ಕಾಲಕ್ಕೆ ನಮ್ಮನ್ನೆಲ್ಲ ನಡುಗಿಸಿದ್ದ ಹೆಡ್‌ಮಾಸ್ಟರು ಬಸ್‌ಸ್ಟ್ಯಾಂಡಿನಲ್ಲಿ ಲಾಟರಿ ಮಾರುವುದನ್ನು ಕಂಡರೆ ಆಗುತ್ತದಲ್ಲ, ಅಂಥದೊಂದು ಸುಸ್ತು ಆಯಿತು, ಅಷ್ಟೇ. ಸೀಡಿಯನ್ನು ಕಂಪ್ಯೂಟರಿಗೆ ಹಾಕಲೂ ಇಲ್ಲ.

ಆ ಆಟದ ಇಂಗ್ಲಿಷ್ ಹೆಸರು ಉದ್ದ. ಸೇಲಂನ ನಮ್ಮ ಬೀದಿಯಲ್ಲಿ ಅದನ್ನು ಪೂರ್ತಿ ಹೇಳಿದವರು ಯಾರೂ ಇಲ್ಲ. ನಮಗೆ ಅದು ‘ಕೋಟೆ’. ಒಂದು, ಎರಡು, ಮೂರು. ನಾಲ್ಕು ಬಂದದ್ದೇ ನನಗೆ ಗೊತ್ತಿರಲಿಲ್ಲ.

ಆಡದವರಿಗಾಗಿ ಒಂದು ಮಾತು. ಚದುರಂಗದಲ್ಲಿ ನೀವು ಕಾಯಿ ನಡೆಸಿದ ಮೇಲೆ ಎದುರಿನವನು ಗಲ್ಲ ಕೆರೆದುಕೊಳ್ಳುವಷ್ಟರಲ್ಲಿ ಒಂದು ಕಾಫಿ ಮುಗಿಸಿ ಬರಬಹುದು. ಕೋಟೆಯಲ್ಲಿ ಸರದಿ ಅನ್ನುವುದೇ ಇಲ್ಲ. ನಿಮ್ಮ ಜನ ಮರ ಕಡಿಯುತ್ತಿರುವಾಗಲೇ ಅವನ ಜನ ಗೋಡೆ ಎಬ್ಬಿಸುತ್ತಿರುತ್ತಾರೆ. ನೀವು ಮನೆ ಎಲ್ಲಿ ಕಟ್ಟಲಿ ಎಂದು ನೋಡುತ್ತಿದ್ದರೆ ಅವನ ಕುದುರೆಗಳು ಹೊರಟುಬಿಟ್ಟಿರುತ್ತವೆ. ಶುರುವಿನಲ್ಲಿ ಒಂದು ಗುಡಿಸಲು, ಮೂರು ಜನ, ಸುತ್ತ ಬಯಲು. ಅಲ್ಲಿಂದ ಒಂದು ಊರು ಏಳಬೇಕು, ಪಡೆ ಏಳಬೇಕು, ಶತ್ರುವಿನ ಕೊನೆಯ ಗುಡಿಸಲು ಬೀಳಬೇಕು. ಆಗ ಪರದೆಯ ಮೇಲೆ ತುತ್ತೂರಿ ಊದಿ ಗೆದ್ದಿರಿ ಅನ್ನುತ್ತದೆ.

ನಾವು ಆಡುತ್ತಿದ್ದದ್ದು ಸೋಮು ಮಾಮನ ಇನ್‌ಸ್ಟಿಟ್ಯೂಟಿನಲ್ಲಿ. ಮಾಮ ನನ್ನ ಅಮ್ಮನ ತಮ್ಮ. ವಾರವೆಲ್ಲ ಅಲ್ಲಿ ಟೈಪ್‌ರೈಟರುಗಳ ಗದ್ದಲ, ಭಾನುವಾರ ಬೆಳಗ್ಗೆ ಮಾತ್ರ ನಮಗೆ. ಮಹಡಿಯ ಮೇಲಿನ ಆ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇದ್ದವು. ಒಂದರಲ್ಲಿ ಅಕೌಂಟ್ಸ್ ಪಾಠ, ಅದನ್ನು ನಾವು ಮುಟ್ಟುವಂತಿರಲಿಲ್ಲ. ಇನ್ನೊಂದಕ್ಕೆ ಮಾಮ ಸ್ಪೀಕರ್ ಕಟ್ಟಿಸಿದ್ದ. ಚಪ್ಪಲಿ ಮೆಟ್ಟಿಲ ಕೆಳಗೆ ಬಿಡಬೇಕು, ಫ್ಯಾನ್ ಕಂಪ್ಯೂಟರಿನ ಕಡೆಗೆ ತಿರುಗಿರಬೇಕು, ನಮಗೆ ಬೆವರಿದರೆ ಬೆವರಲಿ. ಒಂದು ಆಯುಧಪೂಜೆಯಲ್ಲಿ ಅತ್ತೆ ಮಾನಿಟರಿಗೆ ಗಂಧ ಕುಂಕುಮ ಇಟ್ಟು, ಕೆಳಗಿನ ಸೀಳು ಖಾಲಿ ಕಾಣುತ್ತದೆಂದು ಫ್ಲಾಪಿ ಹಾಕುವ ಬಾಯಿಗೂ ಒಂದಿಷ್ಟು ಕುಂಕುಮ ತುಂಬಿದಳು. ಆಮೇಲೆ ಆರು ತಿಂಗಳು ಹಾಕಿದ ಫ್ಲಾಪಿಗಳೆಲ್ಲ ಸುಮಂಗಲಿಯರಾಗಿ ಹೊರಗೆ ಬರುತ್ತಿದ್ದವು. ಇದನ್ನು ನಾನು ಹೇಳಬಾರದಿತ್ತು, ಅತ್ತೆಗೆ ಈಗಲೂ ಬೇಜಾರು.

ನಾನು ಆಗ ಹತ್ತನೇ ತರಗತಿ. ನಮ್ಮ ಮನೆಯಲ್ಲಿ ಮಾತು ಕನ್ನಡ, ಜಗಳ ತಮಿಳು, ಪರೀಕ್ಷೆ ಇಂಗ್ಲಿಷ್. ಕನ್ನಡದ ಅಕ್ಷರ ನನಗೆ ಬಂದದ್ದು ಎಷ್ಟೋ ಆಮೇಲೆ, ಅಂಚೆಯಲ್ಲಿ ಬರುವ ಪಾಠಗಳ ಮೂಲಕ. ಶಾಲೆಯ ಪಟ್ಟಿಮಂಡ್ರಂ ತಂಡದಲ್ಲಿ ನಾನಿದ್ದೆ. ತಮಿಳುನಾಡಿನ ಆಚೆ ಇರುವವರಿಗೆ ಇದು ಬರೀ ಚರ್ಚಾಸ್ಪರ್ಧೆ ಅನ್ನಿಸಬಹುದು. ಅಲ್ಲ. ಎರಡು ಪಕ್ಷ ಕೂತು, ನಗಿಸಿ, ಚುಚ್ಚಿ, ಕೂಗಿ ವಾದ ಮಾಡುತ್ತವೆ. ನಡುವೆ ನಡುವರ್ ಅಂತ ಒಬ್ಬರು ಕೂತು ಕೊನೆಗೆ ತೀರ್ಪು ಕೊಡುತ್ತಾರೆ. ಹಬ್ಬದ ದಿನ ಟೀವಿಯಲ್ಲಿ ಬಂದರೆ ನಮ್ಮ ಕಡೆ ಪಾಯಸದ ತಳ ಹತ್ತಿದರೂ ಯಾರೂ ಏಳುವುದಿಲ್ಲ. ನಮ್ಮ ಟೀಚರ್ ಕಲಿಸಿದ ಮೊದಲ ಪಾಠ, ಯಾವ ಪಕ್ಷ ಬಂದರೂ ಗೆಲ್ಲಬೇಕು, ನಿನ್ನ ಅಭಿಪ್ರಾಯ ಯಾರೂ ಕೇಳಿಲ್ಲ. ನನಗೆ ಅದು ಎಷ್ಟು ಹಿಡಿಸಿತೆಂದರೆ, ಉಪ್ಪಿಟ್ಟಿನ ಪರವಾಗಿಯೂ ವಿರೋಧವಾಗಿಯೂ ಒಂದೇ ತಟ್ಟೆಯ ಮುಂದೆ ಮಾತಾಡುತ್ತಿದ್ದೆ. ಮಾಮ ನನಗೆ ವಕೀಲಮ್ಮ ಅಂತ ಹೆಸರಿಟ್ಟಿದ್ದ.

ಮುರಳಿ ಅಣ್ಣ ದೊಡ್ಡಪ್ಪನ ಮಗ, ನನಗಿಂತ ನಾಲ್ಕು ವರ್ಷ ದೊಡ್ಡವನು. ಎಂಟನೇ ತರಗತಿಗೆ ಶಾಲೆ ಬಿಟ್ಟು ಮಗ್ಗಕ್ಕೆ ಕೂತವನು. ಅವನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ತಮಿಳನ್ನು ಬಸ್ಸಿನ ಬೋರ್ಡಿನಷ್ಟು ಓದುತ್ತಿದ್ದ. ಅವನನ್ನು ಮೊದಲ ಸಲ ಇನ್‌ಸ್ಟಿಟ್ಯೂಟಿಗೆ ಕರೆದುಕೊಂಡು ಹೋದವಳು ನಾನು. ಒಬ್ಬಳನ್ನೇ ಕಳಿಸುವುದಿಲ್ಲ ಎಂದು ಅಮ್ಮ ಹಟ ಹಿಡಿದಿದ್ದರಿಂದ ಕಾವಲಿಗೆ ಬಂದವನು ಅವನು.

ನಮ್ಮ ಮನೆಯಲ್ಲಿ ನೇಯುತ್ತಿದ್ದದ್ದು ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣದ ರೇಷ್ಮೆ ಸೀರೆ. ಅದು ಒಬ್ಬರ ಕೈಲಿ ಆಗುವ ಕೆಲಸವಲ್ಲ. ನಡುವೆ ಕೂತವನು ಒಡಲಿನ ಲಾಳಿ ಎಸೆದರೆ ಪಕ್ಕದಲ್ಲಿ ಕೂತವರು ಅಂಚಿನ ಲಾಳಿ ಎಸೆಯಬೇಕು, ಎರಡು ಬಣ್ಣದ ನೂಲೂ ಸೇರುವ ಕಡೆ ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳಬೇಕು. ಶಾಲೆ ಇಲ್ಲದ ದಿನ ಮುರಳಿ ಅಣ್ಣನ ಪಕ್ಕ ಕೂರುತ್ತಿದ್ದವಳು ನಾನೇ. ಹಾಗಾಗಿ ಕಂಪ್ಯೂಟರಿನ ಮುಂದೆಯೂ ನಾವು ಹಾಗೇ ಕೂತೆವು. ಟೈಪಿಂಗ್ ಬೆಂಚಿನ ಮೇಲೆ ಒತ್ತಿಕೊಂಡು, ಅವನ ಕೈಯಲ್ಲಿ ಮೌಸ್, ನನ್ನ ಕೈಯಲ್ಲಿ ಕೀಬೋರ್ಡ್. ಆಟ ಒಬ್ಬರೇ ಆಡಬೇಕಾದದ್ದು ಎಂದು ನಮಗೆ ಯಾರೂ ಹೇಳಿರಲಿಲ್ಲ. ಅವನು ಮನೆಗೆ ಜಾಗ ತೋರಿಸುವುದಕ್ಕೂ ನಾನು ಮನೆ ಕಟ್ಟುವ ಗುಂಡಿ ಒತ್ತುವುದಕ್ಕೂ ನಡುವೆ ಒಂದು ಮಾತು ಬೇಕಾಗುತ್ತಿರಲಿಲ್ಲ. ಕಾಲೇಜು ಹುಡುಗರು ನಮ್ಮ ಹಿಂದೆ ನಿಂತು ನೋಡುತ್ತಿದ್ದರು. ಅವರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅನ್ಬು ಅನ್ನುವವನು ಅಣ್ಣನನ್ನು ‘ತಲೈವರೇ’ ಎಂದೇ ಕರೆಯುತ್ತಿದ್ದ. ಬೇರೆಲ್ಲೂ ಯಾರೂ ಮುರಳಿ ಅಣ್ಣನನ್ನು ನಾಯಕರೇ ಅಂತ ಕರೆದದ್ದಿಲ್ಲ.

ನಾವು ಆಗ ಆಡುತ್ತಿದ್ದ ಕೋಟೆ ಎರಡರಲ್ಲಿ ಓದುವುದಕ್ಕೆ ಏನೂ ಇರಲಿಲ್ಲ, ಅದೇ ಅದರ ಸೊಗಸು. ಎಲ್ಲ ಚಿತ್ರ, ಎಲ್ಲ ಸದ್ದು. ಕಟ್ಟಿಗೆ ಕಡಿಯುವವನು ಗೊಣಗಿದರೆ ಕಾಡು ಮುಗಿಯುತ್ತಿದೆ ಎಂದು ಅಣ್ಣನಿಗೆ ಪರದೆ ನೋಡದೆ ಗೊತ್ತಾಗುತ್ತಿತ್ತು.

ಒಂದೇ ಒಂದು ವಿಷಯದಲ್ಲಿ ಅವನು ಮೊಂಡ. ಸೇಲಂನ ನೇಕಾರರ ಬೀದಿ ನೋಡಿದವರಿಗೆ ಗೊತ್ತು, ಬೆಳಗ್ಗೆ ಎದ್ದರೆ ಬೀದಿಯ ಈ ತುದಿಯಿಂದ ಆ ತುದಿಗೆ ಹಾಸಿನ ನೂಲು ಎಳೆದು ಕಟ್ಟಿ, ಗಂಜಿ ಹಚ್ಚಿ, ಬಾಚಿ ಒಣಗಿಸುತ್ತಾರೆ. ಅದಕ್ಕೆ ಪಾವು ಹಾಕುವುದು ಅನ್ನುತ್ತೇವೆ. ಅಣ್ಣ ಕಟ್ಟಿದ ಪ್ರತಿ ಕೋಟೆಯಲ್ಲೂ ನಡುವೆ ಅಂಥದೊಂದು ಉದ್ದನೆಯ ನೇರ ಬೀದಿ ಖಾಲಿ ಬಿಟ್ಟಿರುತ್ತಿದ್ದ. ಶತ್ರುವಿನ ಕುದುರೆಗಳಿಗೆ ಇದಕ್ಕಿಂತ ಒಳ್ಳೆಯ ರಸ್ತೆ ಬೇಕಾ?

“ಅಣ್ಣಾ, ಗೋಡೆ ಆಕು ಅಲ್ಲಿ,” ಅಂದೆ ಒಂದು ದಿನ.

“ಗೋಡೆ ಆಕಿದ್ರೆ ಪಾವು ಎಲ್ಲಿ ಆಕ್ತಾರೆ?”

“ಈ ಆಟದಾಗೆ ಮಗ್ಗಾನೇ ಇಲ್ಲ ಕಣಣ್ಣ.”

“ಇಲ್ದಿದ್ರೆ ಇಲ್ಲ. ಆ ಜನ ಬಟ್ಟೆ ಉಟ್ಕೊಂಡೌರೆ ತಾನೆ? ಎಲ್ಲಿಂದ ಬಂತು ಅದು, ನೀನೇ ಏಳು ವಕೀಲಮ್ಮ.”

ಗೋಡೆ ಬರಲಿಲ್ಲ. ಕುದುರೆಗಳು ಬೀದಿಯಲ್ಲಿ ನುಗ್ಗುವವು, ನಾವು ಎರಡೂ ಪಕ್ಕದ ಮನೆ ಮಾಡಿನಿಂದ ಬಾಣ ಬಿಟ್ಟು ಓಡಿಸುತ್ತಿದ್ದೆವು. ಕೊನೆಗೆ ಶತ್ರುವಿನದು ಒಂದೇ ಗುಡಿಸಲು ಉಳಿಯಿತು. ಅದನ್ನು ಅಣ್ಣ ಬೀಳಿಸಲಿಲ್ಲ. ಬಿದ್ದರೆ ಆಟ ಮುಗಿಯುತ್ತದೆ, ಊರು ಹೋಗುತ್ತದೆ. ಅದರ ಸುತ್ತ ಬೇಲಿ ಹಾಕಿಸಿ ಹಾಗೇ ಬಿಟ್ಟ. ಎಂಟು ತಿಂಗಳು ಪ್ರತಿ ಭಾನುವಾರ ನಾವು ಅದೇ ಊರಿಗೆ ಹೋದೆವು. ಯುದ್ಧವಿಲ್ಲ, ಏನಿಲ್ಲ. ಅಲ್ಲೊಂದು ಬಾವಿ, ಇಲ್ಲೊಂದು ಗದ್ದೆ. ಮಗ್ಗದ ಮೇಲೆ ಕೂತು ಕೂತು ಕಾಲು ಊದಿದ್ದ ಅಣ್ಣ ಶನಿವಾರ ಸಂಜೆ ಕೇಳುತ್ತಿದ್ದ: “ಲೇ ಅಮ್ಮಿ, ನಾಳೆ ಊರಿಗೆ ಓಗಾಣ್ವಾ?”

ನನಗೆ ಪ್ಲಸ್ ಒನ್, ಅಂದರೆ ಹನ್ನೊಂದನೇ ತರಗತಿ, ಶುರುವಾದಾಗ ಅನ್ಬು ಕೋಟೆ ಮೂರನ್ನು ತಂದ. ಮಾಮ ಡಿಸ್ಕಿನಲ್ಲಿ ಜಾಗ ನೋಡಿದ. ಎರಡನ್ನೂ ಇಡಲು ಆಗುವುದಿಲ್ಲ, ಒಂದು ಇರಬೇಕು, ಒಂದು ಹೋಗಬೇಕು. ಅದನ್ನು ಅಲ್ಲೇ ಇದ್ದ ಏಳೆಂಟು ಜನರ ಕೈ ಎತ್ತಿಸಿ ಮುಗಿಸಬಹುದಿತ್ತು. ಮಾಮನಿಗೆ ಆಸೆ ಹುಟ್ಟಿತು.

“ಪಟ್ಟಿಮಂಡ್ರಂ ನಡ್ಸಾಣ,” ಅಂದ. “ನಾನು ನಡುವರ್. ತೀರ್ಪು ಕೊಟ್ಮೇಲೆ ಯಾರೂ ಮಾತಾಡಂಗಿಲ್ಲ. ಚೀಟಿ ಎತ್ತಿ.”

ಚೀಟಿ ಎತ್ತಿದೆವು. ಮೂರನ್ನು ಹೊತ್ತು ತಂದ ಅನ್ಬುವಿಗೆ ಎರಡರ ಪಕ್ಷ ಬಂತು. ನನಗೆ ಮೂರರ ಪಕ್ಷ. ಬೇಡ ಅನ್ನಬಹುದಿತ್ತು, ಚೀಟಿ ಬದಲಿಸಿಕೊಳ್ಳಬಹುದಿತ್ತು. ಅನ್ಬು ಖುಷಿಯಿಂದ ಒಪ್ಪುತ್ತಿದ್ದ. ನನಗೆ ಅದು ಹೊಳೆಯಲೇ ಇಲ್ಲ. ಬಂದ ಪಕ್ಷವನ್ನು ಗೆಲ್ಲಿಸುವುದು ಹೇಗೆಂದು ಆಗಲೇ ತಲೆ ಓಡಲು ಶುರುವಾಗಿತ್ತು. ಮುರಳಿ ಅಣ್ಣ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ. ಇದೆಲ್ಲ ನಾಟಕ, ನೀನಿರುವಾಗ ನಮ್ಮ ಆಟಕ್ಕೇನೂ ಆಗುವುದಿಲ್ಲ ಎಂಬಂತೆ ನನ್ನ ಕಡೆ ನೋಡಿ ನಕ್ಕ.

ಅನ್ಬು ಎದ್ದು ನಿಂತು ಹಳೆಯದು ಚೆನ್ನಾಗಿದೆ, ಅಭ್ಯಾಸವಾಗಿದೆ ಎಂದು ಎರಡು ನಿಮಿಷ ತಡಬಡಿಸಿ ಕೂತ. ನಾನು ಎದ್ದೆ. ಆ ಭಾಷಣ ನನಗೆ ಇವತ್ತಿಗೂ ಬಾಯಿಗೆ ಬರುತ್ತದೆ, ಅದೇ ತೊಂದರೆ. ಹಳೆಯದಕ್ಕೆ ಅಂಟಿಕೊಂಡವರು ಇನ್ನೂ ಟೈಪ್‌ರೈಟರ್ ಕುಟ್ಟುತ್ತಿದ್ದಾರೆ ಅಂದೆ, ಮಾಮನೇ ನಕ್ಕ. ಹೊಸತು ಕಷ್ಟ ಅಂದರೆ ಅದು ಹೊಸತಿನ ತಪ್ಪಲ್ಲ, ನಮ್ಮ ಸೋಮಾರಿತನ ಅಂದೆ. ಕೈಚಪ್ಪಾಳೆ ಬಿತ್ತು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಕೊನೆಯಲ್ಲಿ ಒಂದು ನಗೆ ಬೇಕು ಅನ್ನುವುದು ಪಟ್ಟಿಮಂಡ್ರದ ನಿಯಮ.

“ನಡುವರ್ ಅವರೇ,” ಅಂದೆ ತಮಿಳಿನಲ್ಲಿ, ಎಳೆದೆಳೆದು. “ಎರಡನೇ ಭಾಗ ಎಷ್ಟು ಸುಲಭ ಗೊತ್ತೇ? ಯುದ್ಧದ ನಡುವೆ, ಕೋಟೆಯ ನಟ್ಟನಡುವೆ, ಪಾವು ಹಾಕುವುದಕ್ಕೆ ಬೀದಿ ಬಿಟ್ಟು ಕೂತವರನ್ನೂ ಅದು ರಾಜ ಅನ್ನುತ್ತದೆ!”

ಕೋಣೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಅನ್ಬು ತೊಡೆ ತಟ್ಟಿಕೊಂಡು, “ತಲೈವರೇ, ಪಾವು ಕಾಯ್ಂದಿಡುಚ್ಚಾ?” ಎಂದು ಕೂಗಿದ, ನಾಯಕರೇ ನಿಮ್ಮ ಪಾವು ಒಣಗಿತಾ ಅಂತ. ಅಣ್ಣನೂ ನಕ್ಕ. ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ.

ಮಾಮ ಗಂಟಲು ಸರಿಮಾಡಿಕೊಂಡು ಮೂರನೆಯದೇ ಎಂದು ತೀರ್ಪು ಕೊಟ್ಟು, ಕೀಬೋರ್ಡಿಗೆ ಕೂತು ಒಂದು ಸಾಲು ಟೈಪ್ ಮಾಡಿದ. ಪರದೆಯ ಮೇಲೆ ಫೈಲುಗಳ ಹೆಸರು ಸರಸರನೆ ಓಡಿದವು.

“ಮಾಮಾ, ನಮ್ಮೂರು?” ಅಂದ ಅಣ್ಣ.

“ಯಾವೂರು?”

“ನಾವು ಕಟ್ಟಿದ್ದು. ಭಾನುವಾರದ್ದು.”

“ಅದೂ ಅದ್ರೊಳ್ಗೇ ಅಲ್ವೇನಪ್ಪ ಇದ್ದುದ್ದು,” ಅಂದ ಮಾಮ, ಪರದೆಯಿಂದ ಕಣ್ಣು ತೆಗೆಯದೆ. “ಓಯ್ತು.”

ಆಟ ಅಳಿಸಿದರೆ ಊರೂ ಹೋಗುತ್ತದೆಂದು ನನಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಬೇರೆ ಮಾತಾಡುತ್ತಿದ್ದೆ ಎಂದು ಬರೆಯಲು ಕೈ ಬರುತ್ತಿದೆ, ಆದರೆ ನನಗೆ ನನ್ನ ಮೇಲೇ ಅಷ್ಟು ನಂಬಿಕೆ ಇಲ್ಲ.

ಕೋಟೆ ಮೂರು ಹೇಗಿತ್ತು ಕೇಳಿ. ಮೇಲಿಂದ ಊರನ್ನು ಅಂಗೈಯಂತೆ ತೋರಿಸುತ್ತಿದ್ದ ಆಟ ಈಗ ಗಿರಗಿರ ಸುತ್ತುತ್ತಿತ್ತು. ಮೌಸ್ ಸ್ವಲ್ಪ ತಾಗಿದರೆ ಆಕಾಶ ಕೆಳಗೆ, ನೆಲ ಮೇಲೆ. ತೊಪ್ಪೂರು ಘಾಟಿಯ ತಿರುವುಗಳಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತ ಹಾಗೆ. ಮಾಮನ ಕಂಪ್ಯೂಟರ್ ಪಾಪ, ಐದು ಸಿಪಾಯಿಗಳು ಒಟ್ಟಿಗೆ ನಡೆದರೆ ಏದುಸಿರು ಬಿಡುತ್ತಿತ್ತು. ಜನರನ್ನೆಲ್ಲ ಕಡಿಮೆ ಮಾಡಿ, ಒಬ್ಬ ವೀರನನ್ನು ತಂದು ನಡುವೆ ನಿಲ್ಲಿಸಿದ್ದರು. ಹಿಂದೆ ಗೊಣಗಿ ಕೆಲಸಕ್ಕೆ ಹೋಗುತ್ತಿದ್ದವರ ಜಾಗದಲ್ಲಿ ಇವನು ಭಾಷಣ ಮಾಡುತ್ತಿದ್ದ. ಪ್ರತಿ ಹೆಜ್ಜೆಗೂ ಪರದೆ ತುಂಬ ಇಂಗ್ಲಿಷು, ಓದಿ ಒಪ್ಪಿಗೆ ಒತ್ತದೆ ಮುಂದಕ್ಕೆ ಹೋಗುವಂತಿಲ್ಲ. ಕೀಬೋರ್ಡಿಗೆ ಕೆಲಸವೇ ಇಲ್ಲ. ಬೆಂಚಿನ ಮೇಲೆ ಒಬ್ಬರಿಗೆ ಜಾಗ ಸಾಕು.

ಆದರೂ ಮೊದಲ ಭಾನುವಾರ ಅಣ್ಣ ಬಂದ. ಕೂತ. ಮೌಸ್ ಹಿಡಿದ. ಇಂಗ್ಲಿಷ್ ಬಂತು.

“ಏನಂತೆ?” ಅಂದ ನನ್ನ ಕಡೆ ವಾಲಿ.

“ನದಿ ದಾಟೋಕೆ ಮುಂಚೆ ಸನ್ಯಾಸಿ ಹತ್ರ ಮಾತಾಡ್ಬೇಕಂತೆ.”

ಎರಡು ನಿಮಿಷಕ್ಕೆ ಇನ್ನೊಂದು. “ಇದು?”

“ಸನ್ಯಾಸಿ ಮೂರು ಪ್ರಶ್ನೆ ಕೇಳ್ತಾನಂತೆ.”

“ಯುದ್ಧ ಯಾವಾಗಂತೆ?”

ಹಿಂದೆ ಯಾರೋ ಕಿಸಕ್ಕೆಂದರು. ತಲೈವರ್‌ಗೆ ಟ್ಯೂಷನ್ ನಡೀತಿದೆ ಎಂದು ತಮಿಳಿನಲ್ಲಿ ಇನ್ನೊಬ್ಬ. ಅಣ್ಣ ಮೌಸನ್ನು ಅದರ ಚೌಕದ ಮೇಲೆ ನೇರವಾಗಿ ಇಟ್ಟ, ಲಾಳಿಯನ್ನು ಕೆಲಸ ಮುಗಿದಾಗ ಇಡುವ ಹಾಗೆ. “ನೀನೇ ಆಡಮ್ಮಿ. ನಂಗೆ ಸೀರೆ ಮುಗಿಸೋದು ಐತೆ,” ಎಂದು ಎದ್ದು ಹೋದ. ಭಾನುವಾರ ನಮ್ಮ ಮನೆಯಲ್ಲಿ ಯಾರೂ ನೇಯುತ್ತಿರಲಿಲ್ಲ.

ಆಮೇಲೆ ಅವನು ಬರಲಿಲ್ಲ. ಮಗ್ಗದಲ್ಲಿ ನಾನು ಪಕ್ಕಕ್ಕೆ ಕೂತರೆ ಬೇಡ ಅನ್ನುತ್ತಲೂ ಇರಲಿಲ್ಲ. ಲಾಳಿ ಬರುತ್ತಿತ್ತು, ಹೋಗುತ್ತಿತ್ತು. ಶನಿವಾರ ಸಂಜೆ ಅವನು ಏನೂ ಕೇಳುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಮೂರನೆಯ ಭಾಗದ ಗತಿಯೂ ಹೇಳಿಬಿಡುತ್ತೇನೆ. ಎರಡು ತಿಂಗಳಿಗೆ ಅನ್ಬುವೇ ಆಡುವುದು ಬಿಟ್ಟ. ವಿಚಾರಿಸಿದರೆ, ತಲೆನೋವು ಅಂದ. ಉಳಿದವರು ಕ್ರಿಕೆಟ್ಟಿಗೆ ಮರಳಿದರು. ಆಟ ಬಿದ್ದದ್ದು ಯಾಕೆ ಎಂದು ನನಗೆ ಎರಡು ಬದಿಯಿಂದಲೂ ವಾದಿಸಲು ಬರುತ್ತದೆ. ಮಾಡುವವರು ಪ್ರತಿ ಸಲ ಹೊಸತು ಮಾಡದಿದ್ದರೆ ಕೊಳ್ಳುವವರಿಲ್ಲ. ಮೆಚ್ಚಿದವರಿಗೆ ಬೇಕಾದದ್ದು ಹೊಸತಲ್ಲ, ಅದೇ ಊರು, ಅದೇ ಭಾನುವಾರ. ಇಬ್ಬರೂ ಸರಿ. ಇಬ್ಬರೂ ಸರಿ ಎಂದು ತೋರಿಸುವಷ್ಟರಲ್ಲಿ ನನಗೆ ಆಕಳಿಕೆ ಬರುತ್ತದೆ. ಯಾರನ್ನು ಒಪ್ಪಿಸಿ ಏನಾಗಬೇಕು ಈಗ?

ಎರಡನೆಯ ಭಾಗದ ಸೀಡಿ ಮೂಲದಲ್ಲಿ ಅನ್ಬುವಿನ ದೊಡ್ಡಪ್ಪನ ಮಗನದು, ಅವನಿರುವುದು ಕಾರಿಮಂಗಲದಲ್ಲಿ ಎಂದು ತಿಳಿಯಿತು. ದಸರಾ ರಜೆಯಲ್ಲಿ ಅಮ್ಮನಿಗೆ ಸ್ನೇಹಿತೆಯ ಮನೆ ಎಂದು ಹೇಳಿ ಬಸ್ಸು ಹತ್ತಿದೆ. ಧರ್ಮಪುರಿಯಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ಆ ಮನೆ ಹುಡುಕಿದೆ. ಸೀಡಿ ಇತ್ತು. ಅವನ ಅಮ್ಮ ಅದನ್ನು ಹೊಳೆಯುತ್ತದೆಂದು ಟೀವಿಯ ಮೇಲೆ, ಗಾಜಿನ ನವಿಲಿನ ಹಿಂದೆ, ಒರಗಿಸಿ ಇಟ್ಟಿದ್ದರು. ನವಿಲು ಹಾಗೇ ಇರಲಿ, ಸೀಡಿ ಮಾತ್ರ ಸಾಕು ಎಂದು ವಿವರಿಸಲು ನನಗೆ ಕಾಲು ಗಂಟೆ ಬೇಕಾಯಿತು.

ಮೂರನ್ನು ಅಳಿಸಿ ಎರಡನ್ನು ಹಾಕಿಕೊಡು ಎಂದು ಮಾಮನನ್ನು ಕೇಳಿದೆ.

“ತೀರ್ಪು ಕೊಟ್ಟಾಯ್ತಲ್ಲಮ್ಮ ವಕೀಲಮ್ಮ?”

“ಮೇಲ್ಮನವಿ ಅಂತ ಇಟ್ಕೋ ಮಾಮಾ.”

“ವಾದ ಏನು?”

“ವಾದ ಇಲ್ಲ.”

ಮಾಮ ಕನ್ನಡಕ ತೆಗೆದು ನನ್ನನ್ನು ನೋಡಿದ. ಎರಡನ್ನು ಹಾಕಿಕೊಟ್ಟ.

ಮುರಳಿ ಅಣ್ಣನನ್ನು ಕರೆತರಲು ಮೂರು ಭಾನುವಾರ ಹಿಡಿಯಿತು. ಬಂದ. ನಾನು ಮೊದಲೇ ಆಟ ತೆರೆದು, ಬೆಂಚಿನ ನನ್ನ ಅರ್ಧದಲ್ಲಿ ಕೂತು ಕಾಯುತ್ತಿದ್ದೆ. ಬೇರೆ ಯಾರೂ ಇರಲಿಲ್ಲ. ಪರದೆಯ ಮೇಲೆ ಒಂದು ಗುಡಿಸಲು, ಮೂರು ಜನ, ಸುತ್ತ ಬಯಲು. ಅವನು ಹಿಂದೆ ನಿಂತೇ ನೋಡಿದ.

“ಮೊದಲಿಂದಾನಾ?”

“ಹೂಂ ಅಣ್ಣ. ಹಳೇದು ಸಿಗಲ್ವಂತೆ. ಮತ್ತೆ ಕಟ್ಬೋದು. ಎಂಟು ತಿಂಗಳು ಬೇಡ ಈ ಸಲ, ನಮ್ಗೆ ಈಗ ಎಲ್ಲಾ ಗೊತ್ತೈತಲ್ಲ, ಮತ್ತೆ ನೋಡು, ಆ ಕಾಡಿನ ಪಕ್ಕಕ್ಕೆ...”

“ಒಂದು ಕೇಳ್ತೀನಿ,” ಅಂದ ಅವನು. “ಅವತ್ತು ನಿಂಗೆ ಯಾವ್ದು ಇಷ್ಟ ಇತ್ತು? ಚೀಟಿ ಗೀಟಿ ಬುಡು. ನಿಂಗೆ.”

“ಎರಡನೇದು.”

“ಯಾಕೆ?”

“ಸುಮ್ನೆ ಅಣ್ಣ. ಇಷ್ಟ ಇತ್ತು.”

“ಇಷ್ಟೇನಾ?”

“ಇಷ್ಟೇ.”

“ಇದನ್ನ ಅವತ್ತು ಏಳಿದ್ರೆ ಸಾಕಿತ್ತಲ್ಲಮ್ಮಿ,” ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಏನಾದರೂ ಮಾಡಬಹುದಿತ್ತು. ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಕೋಣೆ ದಾಟಿ ಹೊರಗೆ ಹೋದ.

ಅವನು ಮೆಟ್ಟಿಲ ಕೆಳಗೆ ಚಪ್ಪಲಿ ಹುಡುಕಿಕೊಳ್ಳುವಷ್ಟರಲ್ಲಿ ನನಗೆ ಮೂರು ಅಂಶ ಹೊಳೆದವು. ಪಕ್ಷ ನಾನು ಆರಿಸಿದ್ದಲ್ಲ, ಚೀಟಿಯಲ್ಲಿ ಬಂದದ್ದು. ತೀರ್ಪು ನನ್ನದಲ್ಲ, ಮಾಮನದು. ಅವನೂ ಅವತ್ತು ತನಗೆ ಬೇಕಾದ್ದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಮೂರೂ ಗಟ್ಟಿಯಾದ ಅಂಶಗಳೇ, ಯಾವ ನಡುವರ್ ಆದರೂ ಒಪ್ಪುತ್ತಿದ್ದರು. ನಾನು ಬೆಂಚಿನಿಂದ ಏಳಲಿಲ್ಲ.